ವಾಹನದ ಸೆಕೆಂಡರಿ ಏರ್ ಪಂಪ್: ಅಳವಡಿಕೆಯ ಕ್ರಮ ಮತ್ತು ಲೆಕ್ಕಪತ್ರದ ಕ್ರಮ

ಶಿಕಾರಿಪುರ-ಸೊರಬ ಸೀಮೆಯ ಬಂದಳಿಕೆಯು ಪ್ರಾಚೀನ ನಾಗರಖಂಡದ ಪ್ರಮುಖ ಪಟ್ಟಣವಾಗಿತ್ತು. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡ ಎಪ್ಪತ್ತರ ಆಡಳಿತವನ್ನು ನಿರ್ವಹಿಸಿದ ಜಕ್ಕಿಯಬ್ಬೆಯ ನೆನಪನ್ನು ಉಳಿಸಿರುವ ಶಾಸನವು ಈ ಊರಿನದೇ. ಇಲ್ಲಿನ ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ದೇವಾಲಯಗಳನ್ನು ನೋಡಲು ಬರುವವರು ಸಮೀಪದ ಬಳ್ಳಿಗಾವಿಗೂ ಹೋಗಿಬರುವುದುಂಟು. ಈ ಭಾಗದ ದಾನಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತ. ಒಡೆದುದನ್ನು, ಬಿರುಕು ಬಿಟ್ಟುದನ್ನು ಸರಿಪಡಿಸುವ ಸಲುವಾಗಿಯೇ ದಾನಿಗಳು ಭೂಮಿಯ ಹುಟ್ಟುವಳಿಯಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿರಿಸುತ್ತಿದ್ದರು. ಕಟ್ಟುವ ವೆಚ್ಚ ಬೇರೆ, ಕಟ್ಟಿದುದನ್ನು ಉಳಿಸಿಕೊಳ್ಳುವ ವೆಚ್ಚ ಬೇರೆ ಎಂಬ ವಿವೇಕವು ಅಂದಿನವರಿಗೆ ಸ್ಪಷ್ಟವಾಗಿತ್ತು.

ಇಂದಿನ ವರ್ತಕರ ಮತ್ತು ಸಣ್ಣ ಉದ್ದಿಮೆದಾರರ ಆಸ್ತಿಪಟ್ಟಿಯಲ್ಲಿ ಅತಿ ಬೇಗ ಸವೆಯುವ ಆಸ್ತಿಯೆಂದರೆ ವಾಹನ. ಅದರ ದುರಸ್ತಿಯ ವಿಷಯದಲ್ಲಿ ಮಾತ್ರ ಮೇಲಿನ ವಿವೇಕವು ಅನೇಕ ವೇಳೆ ಮರೆತುಹೋಗುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ, ಕೆಲವು ಪೆಟ್ರೋಲ್ ಕಾರುಗಳಲ್ಲಿರುವ ಸೆಕೆಂಡರಿ ಏರ್ ಇಂಜೆಕ್ಷನ್ ಪಂಪು. ಸಾಮಾನ್ಯವಾಗಿ ಅಂಗೈಗಿಂತ ತುಸು ದೊಡ್ಡದಾದ ಈ ವಿದ್ಯುತ್ ಪಂಪು ಕೆಟ್ಟಾಗ ವಾಹನವು ನಿಲ್ಲುವುದಿಲ್ಲ. ಮೀಟರ್ ಫಲಕದಲ್ಲಿ ಎಂಜಿನ್ ದೀಪ ಮಾತ್ರ ಹತ್ತಿಕೊಳ್ಳುತ್ತದೆ. ಆಗ ಮಾಲೀಕರ ಮುಂದೆ ಮೂರು ದಾರಿಗಳಿರುತ್ತವೆ: ದೀಪವನ್ನು ಕಡೆಗಣಿಸುವುದು, ಪಂಪಿನ ದಾರಿಯನ್ನೇ ಮುಚ್ಚಿಸಿಬಿಡುವುದು, ಇಲ್ಲವೇ ದೋಷದ ಮೂಲವನ್ನು ಕಂಡುಹಿಡಿದು ಸರಿಯಾಗಿ ಹೊಸ ಪಂಪು ಅಳವಡಿಸುವುದು. ಮೊದಲೆರಡು ದಾರಿಗಳು ಅಗ್ಗವೆಂದು ಕಾಣುತ್ತವೆ. ಲೆಕ್ಕ ಹಾಕಿ ನೋಡಿದರೆ ಮೂರನೆಯದೇ ಅಗ್ಗ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪಂಪಿನ ಕೆಲಸ

ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಅದಕ್ಕೆ ಗಾಳಿಯೊಂದಿಗೆ ಬೆರೆಯುವ ಪೆಟ್ರೋಲಿನ ಪಾಲು ಎಂದಿಗಿಂತ ಹೆಚ್ಚಾಗಿ ಬೇಕಾಗುತ್ತದೆ. ಪೂರ್ತಿ ಉರಿಯದ ಇಂಧನದ ಆವಿ, ಅಂದರೆ ಹೈಡ್ರೋಕಾರ್ಬನ್, ಮತ್ತು ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡ್ ಆಗ ಸೈಲೆನ್ಸರ್ ಮೂಲಕ ಹೊರಬೀಳುತ್ತವೆ. ಇವನ್ನು ಶುದ್ಧಿಗೊಳಿಸಬೇಕಾದ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯೇರುವವರೆಗೆ ಸಮರ್ಪಕವಾಗಿ ಕೆಲಸ ಮಾಡದು. ಆದ್ದರಿಂದ ಪ್ರಯಾಣದ ಮೊದಲ ಒಂದೆರಡು ನಿಮಿಷಗಳ ಹೊಗೆಯೇ ಅತ್ಯಂತ ಮಲಿನವಾದುದು.

ಸೆಕೆಂಡರಿ ಏರ್ ಪಂಪು ಈ ಅವಧಿಯಲ್ಲಿ ಮಾತ್ರ ಓಡುತ್ತದೆ. ಅದು ಹೊರಗಿನ ತಾಜಾ ಗಾಳಿಯನ್ನು ಎಳೆದು, ಹೊಗೆ ಹೊರಬೀಳುವ ದ್ವಾರಗಳ ಬಳಿ ಎಕ್ಸಾಸ್ಟಿಗೆ ಊದುತ್ತದೆ. ಒಲೆಗೆ ಊದುಗೊಳವೆಯಿಂದ ಗಾಳಿಯೂದಿದಾಗ ಹೊಗೆಯಾಡುತ್ತಿದ್ದ ಸೌದೆ ಹತ್ತಿಕೊಳ್ಳುವಂತೆ, ಉಳಿದ ಇಂಧನದ ಆವಿಯು ಎಕ್ಸಾಸ್ಟಿನಲ್ಲಿಯೇ ಉರಿಯುತ್ತದೆ. ಇದರಿಂದ ಎರಡು ಪ್ರಯೋಜನಗಳುಂಟು: ಮಲಿನಾನಿಲ ಕಡಿಮೆಯಾಗುತ್ತದೆ, ಮತ್ತು ಆ ಬಿಸಿಯಿಂದ ಕನ್ವರ್ಟರ್ ಬೇಗ ಕಾಯುತ್ತದೆ. ಅನಂತರ ಎಂಜಿನ್ನಿನ ಕಂಪ್ಯೂಟರ್ ಪಂಪನ್ನು ನಿಲ್ಲಿಸುತ್ತದೆ.

ಈ ವ್ಯವಸ್ಥೆಯಲ್ಲಿ ಐದು ಅಂಗಗಳಿವೆ. ಗಾಳಿಯೂದುವ 12 ವೋಲ್ಟಿನ ಪಂಪು. ಅದಕ್ಕೆ ಭಾರಿ ವಿದ್ಯುತ್ ಪ್ರವಾಹ ಒದಗಿಸುವ ರಿಲೇ ಮತ್ತು ಫ್ಯೂಸು. ಗಾಳಿಯನ್ನು ಸಾಗಿಸುವ ಹೋಸ್ ಪೈಪುಗಳು. ಗಾಳಿಯನ್ನು ಎಕ್ಸಾಸ್ಟಿನ ಕಡೆಗೆ ಬಿಟ್ಟು, ಹೊಗೆಯನ್ನು ಹಿಂದಕ್ಕೆ ಬಿಡದ ಚೆಕ್ ವಾಲ್ವ್. ಇವನ್ನೆಲ್ಲ ನಿಯಂತ್ರಿಸುವ ಕಂಪ್ಯೂಟರ್. ಇವುಗಳ ಪೈಕಿ ಚೆಕ್ ವಾಲ್ವನ್ನು ಓದುಗರು ವಿಶೇಷವಾಗಿ ನೆನಪಿಡಬೇಕು. ಪಂಪು ಬಾಳುವುದೂ ಸಾಯುವುದೂ ಬಹುತೇಕ ಅದರಿಂದಲೇ.

ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ ಇದೇ ತತ್ತ್ವವನ್ನು ಪಂಪಿಲ್ಲದೆಯೇ ಬಳಸಲಾಗಿದೆ. ಎಕ್ಸಾಸ್ಟಿನಲ್ಲಿ ಒತ್ತಡವು ಅಲೆಯಲೆಯಾಗಿ ಏರಿಳಿಯುವಾಗ, ಇಳಿದ ಕ್ಷಣದಲ್ಲಿ ತೆಳುವಾದ ಲೋಹದ ನಾಲಗೆಯುಳ್ಳ ರೀಡ್ ವಾಲ್ವ್ ತೆರೆದು ಹೊರಗಾಳಿಯನ್ನು ಒಳಗೆ ಬಿಡುತ್ತದೆ. ಗ್ಯಾರೇಜುಗಳಲ್ಲಿ ಇದನ್ನು ‘ಎಸ್‌ಎಐ ವಾಲ್ವ್’ ಎನ್ನುವುದುಂಟು.

ಮಾನದಂಡಗಳ ಹಿನ್ನೆಲೆ

ಎಕ್ಸಾಸ್ಟಿಗೆ ಗಾಳಿಯೂದುವ ಪದ್ಧತಿಯು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಹೊಗೆ ನಿಯಮಗಳ ಫಲವಾಗಿ 1966ರ ಮಾದರಿಯ ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಅಂದಿನ ಪಂಪುಗಳು ಬೆಲ್ಟಿನಿಂದ ತಿರುಗುತ್ತಿದ್ದವು; ಮುಂದೆ ಅವುಗಳ ಜಾಗಕ್ಕೆ ವಿದ್ಯುತ್ ಪಂಪುಗಳು ಬಂದವು. ಯೂರೋಪಿನಲ್ಲಿ 2000ದಲ್ಲಿ ಜಾರಿಗೆ ಬಂದ ಯೂರೋ-3 ಪರೀಕ್ಷೆಯಲ್ಲಿ, ಎಂಜಿನ್ ಚಾಲೂ ಮಾಡಿದ ಬಳಿಕ ನೀಡುತ್ತಿದ್ದ 40 ಸೆಕೆಂಡುಗಳ ವಿನಾಯಿತಿಯನ್ನು ತೆಗೆದುಹಾಕಲಾಯಿತು. ತಣ್ಣಗಿನ ಎಂಜಿನ್ನಿನ ಮೊದಲ ಹೊಗೆಯೂ ಲೆಕ್ಕಕ್ಕೆ ಸೇರಿದುದರಿಂದ ಈ ಪಂಪಿನ ಮಹತ್ತ್ವ ಹೆಚ್ಚಿತು.

ಭಾರತದಲ್ಲಿ 1995ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿತು. 2005ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ 11 ನಗರಗಳಿಗೆ ಭಾರತ್ ಸ್ಟೇಜ್-3 ಅನ್ವಯವಾದಾಗ, ಶಿವಮೊಗ್ಗ ಜಿಲ್ಲೆಯೂ ಸೇರಿ ದೇಶದ ಉಳಿದ ಭಾಗಕ್ಕೆ ಭಾರತ್ ಸ್ಟೇಜ್-2 ಅನ್ವಯವಾಯಿತು. 2010ರಲ್ಲಿ ಬೆಂಗಳೂರು ನಾಲ್ಕನೆಯ ಹಂತಕ್ಕೆ ಹೋದಾಗ ಇತರ ಊರುಗಳು ಮೂರನೆಯ ಹಂತಕ್ಕೆ ಬಂದವು. ಇಡೀ ದೇಶಕ್ಕೆ ಏಕರೂಪವಾಗಿ ನಾಲ್ಕನೆಯ ಹಂತ ಬಂದುದು 2017ರ ಏಪ್ರಿಲ್ 1ರಂದು; ಆರನೆಯ ಹಂತ 2020ರ ಏಪ್ರಿಲ್ 1ರಂದು.

ಹಳೆಯ ಕಾರು ಕೊಳ್ಳುವವರಿಗೆ ಈ ಚರಿತ್ರೆಯಿಂದ ಪ್ರಾಯೋಗಿಕ ಉಪಯೋಗವಿದೆ. 2005ರಿಂದ 2017ರವರೆಗಿನ ಅವಧಿಯಲ್ಲಿ ಒಂದೇ ಹೆಸರಿನ ಕಾರು ಬೆಂಗಳೂರಿನಲ್ಲಿ ಒಂದು ಮಾನದಂಡಕ್ಕೂ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾನದಂಡಕ್ಕೂ ಮಾರಾಟವಾಗಿರಬಹುದು. ಬೆಂಗಳೂರಿನಿಂದ ತಂದ ಕಾರಿನ ಹೊಗೆ ಶುದ್ಧೀಕರಣದ ಭಾಗಗಳು ಸ್ಥಳೀಯ ಕಾರಿನಲ್ಲಿ ಇರುವಂಥವೇ ಎಂದು ಭಾವಿಸಿ ಬಿಡಿಭಾಗ ತರಿಸಿದರೆ ಹಣ ವ್ಯರ್ಥವಾದೀತು. ಕಾರಿನ ಹೆಸರನ್ನಲ್ಲ, ಛಾಸಿಸ್ ಸಂಖ್ಯೆಯನ್ನು ಕೊಟ್ಟು ಬಿಡಿಭಾಗದ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳುವುದು ಸರಿಯಾದ ಕ್ರಮ.

ಪಂಪು ಕೆಡುವುದೇಕೆ

ಪಂಪು ತಾನಾಗಿಯೇ ಸವೆದು ಕೆಡುವುದಕ್ಕಿಂತ ಬೇರೊಂದು ಭಾಗದ ದೋಷದಿಂದ ಕೆಡುವುದೇ ಹೆಚ್ಚು. ಪೆಟ್ರೋಲ್ ಉರಿದಾಗ ಹೊಗೆಯ ಜೊತೆಗೆ ನೀರಿನ ಆವಿಯೂ ಉಂಟಾಗುತ್ತದೆ. ಚೆಕ್ ವಾಲ್ವ್ ಮಸಿಗಟ್ಟಿ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಆ ಬಿಸಿ ಹೊಗೆಯು ಹೋಸ್ ಪೈಪಿನ ಮೂಲಕ ಹಿಂದಕ್ಕೆ ಬಂದು, ಪಂಪಿನೊಳಗೆ ತಣ್ಣಗಾಗಿ, ಆಮ್ಲದ ಅಂಶವುಳ್ಳ ನೀರಾಗಿ ನಿಲ್ಲುತ್ತದೆ. ಬೇರಿಂಗು ತುಕ್ಕು ಹಿಡಿಯುತ್ತದೆ. ತಿರುಗಲಾರದ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆದು ಮೊದಲು ಫ್ಯೂಸನ್ನೋ ರಿಲೇಯನ್ನೋ ಸುಡುತ್ತದೆ.

ಮಲೆನಾಡಿನ ಸೆರಗಿನ ಊರುಗಳಲ್ಲಿ ಇದಕ್ಕೆ ಇನ್ನೂ ಕೆಲವು ಕಾರಣಗಳು ಸೇರುತ್ತವೆ. ಮಳೆಗಾಲದ ತೇವಾಂಶ ಒಂದು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂಬಂಥ ಚಿಕ್ಕ ಓಡಾಟ ಇನ್ನೊಂದು. ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸಿದರೆ ಪೈಪಿನಲ್ಲಿನ ನೀರು ಆರುವುದಿಲ್ಲ. ಮೆಕ್ಕೆಜೋಳ, ಭತ್ತ ಒಕ್ಕುವ ದಿನಗಳಲ್ಲಿ ಏಳುವ ಹೊಟ್ಟು ಮತ್ತು ಧೂಳು ಗಾಳಿ ಎಳೆಯುವ ಬಾಯನ್ನು ಕಟ್ಟಬಹುದು. ಬಹುಕಾಲ ನಿಂತ ಕಾರಿನ ರಬ್ಬರ್ ಪೈಪನ್ನು ಇಲಿ ಕಡಿದಿರುವುದೂ ಉಂಟು.

ತಪಾಸಣೆಯ ಕ್ರಮ

ಸ್ಕ್ಯಾನರ್ ಜೋಡಿಸಿದಾಗ ಪಿ 0410 ಅಥವಾ ಪಿ 0411 ಎಂಬ ಸಂಕೇತ ಕಂಡರೆ ಅದರ ಅರ್ಥ ‘ಸೆಕೆಂಡರಿ ಗಾಳಿಯ ವ್ಯವಸ್ಥೆಯಲ್ಲಿ ಅಥವಾ ಅದರ ಹರಿವಿನಲ್ಲಿ ದೋಷವಿದೆ’ ಎಂದಷ್ಟೇ. ‘ಪಂಪು ಬದಲಿಸಿ’ ಎಂದಲ್ಲ. ಸಂಕೇತವು ರೋಗದ ಲಕ್ಷಣವನ್ನು ಹೇಳುತ್ತದೆಯೇ ಹೊರತು ಔಷಧವನ್ನಲ್ಲ. ಆದ್ದರಿಂದ ಅಗ್ಗದ ಭಾಗದಿಂದ ಆರಂಭಿಸಿ ದುಬಾರಿ ಭಾಗದ ಕಡೆಗೆ ಸಾಗುವ ಈ ಕೆಳಗಿನ ಕ್ರಮವನ್ನು ಅನುಸರಿಸತಕ್ಕದ್ದು:

1. ಫ್ಯೂಸು ಮತ್ತು ರಿಲೇ ಪರೀಕ್ಷೆ. ಫ್ಯೂಸು ಸುಟ್ಟಿದ್ದರೆ ಏಕೆ ಸುಟ್ಟಿತೆಂದು ತಿಳಿಯದೆ ಹೊಸದನ್ನು ಹಾಕಿ ಸುಮ್ಮನಾಗಬಾರದು.

2. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ಪಂಪಿನ ಕನೆಕ್ಟರಿಗೆ ವಿದ್ಯುತ್ ಬರುತ್ತಿದೆಯೇ ಎಂದು ಮೀಟರಿನಿಂದ ನೋಡುವುದು. ವಿದ್ಯುತ್ ಬಂದೂ ಪಂಪು ತಿರುಗದಿದ್ದರೆ ದೋಷ ಪಂಪಿನದು. ವಿದ್ಯುತ್ತೇ ಬಾರದಿದ್ದರೆ ವೈರಿಂಗ್, ರಿಲೇ ಅಥವಾ ನಿಯಂತ್ರಣದ್ದು.

3. ಪಂಪು ತಿರುಗಿದರೆ ಅದರ ಹೊರಹರಿವಿನ ಪೈಪನ್ನು ಬಿಚ್ಚಿ ಗಾಳಿಯ ರಭಸವನ್ನು ಪರೀಕ್ಷಿಸುವುದು. ಪೈಪುಗಳಲ್ಲಿ ಬಿರುಕು, ಸಡಿಲಿಕೆ ಇದೆಯೇ ಎಂದು ನೋಡುವುದು.

4. ಚೆಕ್ ವಾಲ್ವಿನಿಂದ ಪೈಪನ್ನು ತೆಗೆದು, ಪಂಪಿನ ಬದಿಯಲ್ಲಿ ಮಸಿ ಅಥವಾ ನೀರು ಇದೆಯೇ ಎಂದು ನೋಡುವುದು. ಇದ್ದರೆ ವಾಲ್ವ್ ಸೋರುತ್ತಿದೆ ಎಂಬುದು ನಿಶ್ಚಿತ.

5. ಪಂಪು, ವಾಲ್ವ್ ಎರಡೂ ಸರಿಯಿದ್ದೂ ಸಂಕೇತ ಮರಳಿದರೆ ಎಂಜಿನ್ನಿನ ಹೆಡ್ಡಿನಲ್ಲಿರುವ ಗಾಳಿಯ ರಂಧ್ರಗಳು ಮಸಿಯಿಂದ ಕಟ್ಟಿರಬಹುದು.

ಈ ಐದು ಹಂತಗಳನ್ನು ದಾಟಿದ ಮೇಲೆಯೇ ಹೊಸ ಪಂಪಿಗೆ ಆರ್ಡರ್ ಕೊಡುವುದು ಯುಕ್ತ.

ಅಳವಡಿಕೆ

ಅಳವಡಿಕೆಯನ್ನು ಎಂಜಿನ್ ಪೂರ್ತಿ ತಣ್ಣಗಾದ ಬಳಿಕವೇ ಆರಂಭಿಸಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಡಿಸುವುದು. ಪಂಪಿನ ವಿದ್ಯುತ್ ಕನೆಕ್ಟರು, ಅನಂತರ ಗಾಳಿಯ ಪೈಪುಗಳು, ಕೊನೆಗೆ ರಬ್ಬರ್ ಬುಷ್‌ಗಳ ಮೇಲೆ ಕುಳಿತಿರುವ ಬೋಲ್ಟುಗಳು — ಈ ಅನುಕ್ರಮದಲ್ಲಿ ಹಳೆಯದನ್ನು ಬಿಚ್ಚುವುದು. ಬಿಚ್ಚಿದ ಪಂಪನ್ನು ಬಗ್ಗಿಸಿ ನೋಡಬೇಕು. ಒಳಗಿನಿಂದ ನೀರು ಬಂದರೆ ಚೆಕ್ ವಾಲ್ವಿನ ವಿಷಯದಲ್ಲಿ ಬೇರೆ ಸಾಕ್ಷಿ ಬೇಡ.

ಹೊಸ ಪಂಪಿನ ಜೊತೆಗೆ ರಬ್ಬರ್ ಬುಷ್‌ಗಳನ್ನೂ ಬದಲಿಸುವುದು ಲೇಸು. ಗಟ್ಟಿಯಾದ ಹಳೆಯ ಬುಷ್ ಇದ್ದರೆ ಪಂಪಿನ ಅದುರು ಬಾಡಿಗೆ ಹರಡಿ ಸದ್ದು ಬರುತ್ತದೆ. ವಾಲ್ವ್ ಸೋರುತ್ತಿದ್ದರೆ ವಾಲ್ವನ್ನೂ ಅದರ ಗ್ಯಾಸ್ಕೆಟನ್ನೂ ಕಡ್ಡಾಯವಾಗಿ ಹೊಸದು ಹಾಕಬೇಕು. ಪೈಪುಗಳ ಒಳಗಿನ ನೀರು, ಮಸಿಗಳನ್ನು ತೆಗೆದು ಒಣಗಿಸಬೇಕು. ಕೆಟ್ಟ ಪಂಪು ಹೆಚ್ಚು ಪ್ರವಾಹವನ್ನು ಎಳೆದಿರುವುದರಿಂದ ರಿಲೇಯ ಒಳಗಿನ ಸಂಪರ್ಕಗಳು ಸುಟ್ಟಿರುವ ಸಂಭವವಿದೆ. ಅದನ್ನೂ ಬದಲಿಸುವುದು ಸುರಕ್ಷಿತ. ಬೋಲ್ಟುಗಳನ್ನು ತಯಾರಕರ ವರ್ಕ್‌ಶಾಪ್ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ಸುಟ್ಟ ಫ್ಯೂಸಿನ ಜಾಗದಲ್ಲಿ ಹೆಚ್ಚು ಆಂಪಿಯರಿನ ಫ್ಯೂಸನ್ನಾಗಲಿ ತಂತಿಯನ್ನಾಗಲಿ ಹಾಕುವುದು ಬೆಂಕಿಯನ್ನು ಆಹ್ವಾನಿಸಿದಂತೆ.

ಜೋಡಣೆ ಮುಗಿದ ಮೇಲೆ ಸ್ಕ್ಯಾನರಿನಿಂದ ಸಂಕೇತವನ್ನು ಅಳಿಸಿ, ಸ್ಕ್ಯಾನರ್ ಮೂಲಕವೇ ಪಂಪನ್ನು ಓಡಿಸಿ ನೋಡಬಹುದು. ಆದರೆ ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆಯದು. ಒಂದು ರಾತ್ರಿ ನಿಂತ ಕಾರನ್ನು ಚಾಲೂ ಮಾಡಿದಾಗ ಪಂಪು ತಾನಾಗಿ ಓಡಿ, ತುಸು ಹೊತ್ತಿನಲ್ಲಿ ತಾನಾಗಿ ನಿಲ್ಲಬೇಕು. ಆದ್ದರಿಂದ ಕಾರನ್ನು ಸಂಜೆಯೇ ಬಿಡಿಸಿಕೊಳ್ಳುವ ಆತುರ ಬೇಡ. ಗ್ಯಾರೇಜಿನವರಿಗೆ ಒಂದು ರಾತ್ರಿಯ ಕಾಲಾವಕಾಶ ಕೊಡುವುದು ಉಭಯತರಿಗೂ ಹಿತ.

ಮುಚ್ಚಿಬಿಡುವ ಪದ್ಧತಿ

ಪಂಪಿಗೆ ಬದಲಾಗಿ ಗಾಳಿಯ ದಾರಿಗೆ ಒಂದು ತಗಡಿನ ತುಂಡನ್ನು ಕೂರಿಸಿ ಮುಚ್ಚುವ ಪದ್ಧತಿಯು ರೂಢಿಯಲ್ಲಿದೆ. ಮೋಟಾರ್ ಸೈಕಲ್ಲುಗಳಲ್ಲಿ ಸೈಲೆನ್ಸರಿನ ಪಟಪಟ ಸದ್ದು ತಪ್ಪಿಸಲೆಂದು ಗಾಳಿಯ ವಾಲ್ವನ್ನು ಮುಚ್ಚುವುದೂ ಇದೆ. ಇದರಿಂದ ಎದುರಾಗುವ ತೊಂದರೆಗಳು ಮೂರು.

ಮೊದಲನೆಯದು ತಾಂತ್ರಿಕ. ಕಾರಿನಲ್ಲಿ ಎಂಜಿನ್ ದೀಪವು ಸದಾ ಉರಿಯುತ್ತಿದ್ದರೆ ಮುಂದೆ ಬರುವ ಗಂಭೀರ ದೋಷದ ಎಚ್ಚರಿಕೆಯು ಗಮನಕ್ಕೆ ಬಾರದು. ಉದಾಹರಣೆಗೆ, ಒಂದು ಸ್ಪಾರ್ಕ್ ಪ್ಲಗ್ ಸರಿಯಾಗಿ ಉರಿಸದಿದ್ದರೆ ಹಸಿ ಪೆಟ್ರೋಲ್ ಕನ್ವರ್ಟರಿಗೆ ಹೋಗಿ, ಅದು ಅತಿಯಾಗಿ ಕಾದು ಹಾಳಾಗಬಹುದು. ಕನ್ವರ್ಟರಿನೊಳಗೆ ಪ್ಲಾಟಿನಂ ವರ್ಗದ ಅಮೂಲ್ಯ ಲೋಹಗಳಿರುವುದರಿಂದ ಅದರ ಬೆಲೆ ಪಂಪಿನ ಬೆಲೆಯನ್ನು ಬಹುವಾಗಿ ಮೀರಬಲ್ಲದು. ಕೆಲವು ಮಾದರಿಗಳಲ್ಲಿ ಈ ವ್ಯವಸ್ಥೆಯು ಕೆಟ್ಟಾಗ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸುತ್ತದೆ.

ಎರಡನೆಯದು ಕಾನೂನಿನದು. 1988ರ ಮೋಟಾರು ವಾಹನ ಕಾಯಿದೆಯ ಕಲಂ 52 ವಾಹನದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. 2019ರ ತಿದ್ದುಪಡಿಯ ಬಳಿಕ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ ಮಾಲೀಕರಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ಕಲಂ 182ಎ ವಿಧಿಸುತ್ತದೆ. ವಾಯುಮಾಲಿನ್ಯದ ಮಾನದಂಡವನ್ನು ಉಲ್ಲಂಘಿಸಿದರೆ ಕಲಂ 190(2)ರ ಪ್ರಕಾರ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿಗಳವರೆಗೆ ದಂಡವಿದೆ.

ಮೂರನೆಯದು ವ್ಯವಹಾರದ್ದು. ವಾಹನವನ್ನು ಮಾರುವಾಗ ಕೊಳ್ಳುವವರು ಸ್ಕ್ಯಾನರ್ ಜೋಡಿಸಿ ನೋಡಿದರೆ ಮುಚ್ಚಿದ್ದು ಬಯಲಾಗುತ್ತದೆ; ಬೆಲೆ ಇಳಿಯುತ್ತದೆ.

ಎಮಿಷನ್ ಸರ್ಟಿಫಿಕೇಟ್ ಹೇಳದ ಮಾತು

‘ಎಮಿಷನ್ ಟೆಸ್ಟಿನಲ್ಲಿ ಪಾಸಾಗಿದೆ, ಆದ್ದರಿಂದ ಪಂಪು ಸರಿಯಿದೆ’ ಎಂಬ ವಾದವನ್ನು ಕೇಳುವುದುಂಟು. ಇದು ಸರಿಯಲ್ಲ. ಆ ಪರೀಕ್ಷೆಯನ್ನು ಕಾದ ಎಂಜಿನ್ನಿನ ಮೇಲೆ ನಡೆಸಲಾಗುತ್ತದೆ. ಪಂಪು ಕೆಲಸ ಮಾಡುವುದು ತಣ್ಣಗಿನ ಎಂಜಿನ್ನಿನಲ್ಲಿ. ಭಾರತ್ ಸ್ಟೇಜ್-4ರ ಪೆಟ್ರೋಲ್ ಕಾರಿಗೆ ನಿಗದಿಯಾದ ಶೇ. 0.3 ಕಾರ್ಬನ್ ಮಾನಾಕ್ಸೈಡ್ ಮತ್ತು 200 ಪಿಪಿಎಂ ಹೈಡ್ರೋಕಾರ್ಬನ್ ಮಿತಿಯೊಳಗೆ ಇರುವ ಕಾರಿನಲ್ಲಿಯೂ ಪಂಪು ಸತ್ತಿರಬಹುದು. ಇದಕ್ಕೆ ವಿರುದ್ಧವಾಗಿ, ಎಕ್ಸಾಸ್ಟಿನ ಕಡೆಯ ಜೋಡಣೆ ಸೋರಿ ಹೊರಗಾಳಿ ಒಳಸೇರುತ್ತಿದ್ದರೆ ಹೊಗೆಯ ಆಮ್ಲಜನಕದ ಅಳತೆ ತಪ್ಪಿ, ಪರೀಕ್ಷೆಯ ಲ್ಯಾಂಬ್ಡಾ ಅಂಕಿಯು ಮಿತಿಯನ್ನು ದಾಟಬಹುದು. ಪ್ರಮಾಣಪತ್ರವು ಕಾನೂನಿನ ಅಗತ್ಯ. ದುರಸ್ತಿಯ ನಿರ್ಧಾರಕ್ಕೆ ಅದೊಂದೇ ಆಧಾರವಾಗದು.

ಆದಾಯ ತೆರಿಗೆಯಲ್ಲಿ ಈ ವೆಚ್ಚ

ಈಗ ಲೆಕ್ಕಪತ್ರದ ವಿಷಯಕ್ಕೆ ಬರಬಹುದು. ಪಂಪಿನ ಬಿಲ್ಲು ಬಂದಾಗ ಅದನ್ನು ವಾಹನದ ಖಾತೆಗೆ ಸೇರಿಸಬೇಕೇ, ದುರಸ್ತಿ ವೆಚ್ಚವೆಂದು ಬರೆಯಬೇಕೇ ಎಂಬ ಪ್ರಶ್ನೆ ಸಹಜ. ಶಾಸನಗಳ ‘ಜೀರ್ಣೋದ್ಧಾರ’ದ ತತ್ತ್ವವೇ ಇಲ್ಲಿಯೂ ಉತ್ತರವಾಗಿದೆ. ಇರುವ ಆಸ್ತಿಯನ್ನು ಮೊದಲಿನ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡಿದ ವೆಚ್ಚವು ಚಾಲ್ತಿ ದುರಸ್ತಿ; ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ವೆಚ್ಚವು ಬಂಡವಾಳ ವೆಚ್ಚ. 1961ರ ಆದಾಯ ತೆರಿಗೆ ಕಾಯಿದೆಯ ಕಲಂ 31ರ ಸಂಬಂಧದಲ್ಲಿ ಸರ್ವೋಚ್ಚ ನ್ಯಾಯಾಲಯವು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದ 2007ರ ತೀರ್ಪಿನಲ್ಲಿ ಇದನ್ನು ಸ್ಪಷ್ಟಪಡಿಸಿತು: ಯಂತ್ರದ ಭಾಗವನ್ನು ಸರಿಪಡಿಸಿ ಯಂತ್ರವನ್ನು ಉಳಿಸಿಕೊಳ್ಳುವುದು ಬೇರೆ, ಇಡೀ ಯಂತ್ರವನ್ನೇ ಬದಲಿಸುವುದು ಬೇರೆ. 2026ರ ಏಪ್ರಿಲ್ 1 ಜಾರಿಯ ದಿನಾಂಕವಾಗಿರುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂ ಸಂಖ್ಯೆಗಳು ಬೇರೆಯಾಗಿದ್ದರೂ ಈ ಭೇದ ಉಳಿದಿದೆ.

ಕೆಟ್ಟ ಪಂಪಿನ ಬದಲಿಗೆ ಅದೇ ಬಗೆಯ ಪಂಪು ಹಾಕಿಸಿದರೆ ಅದು ದುರಸ್ತಿ ವೆಚ್ಚವೇ. ಪಂಪಿಲ್ಲದ ಹಳೆಯ ವಾಹನಕ್ಕೆ ಹೊಸದಾಗಿ ಹಾಕಿಸಿದರೆ ವೆಚ್ಚವು ಬಂಡವಾಳದ ಸ್ವರೂಪ ಪಡೆಯಬಹುದು. ಆದರೆ ಅಂಥ ಅಳವಡಿಕೆಯಿಂದ ಪ್ರಯೋಜನವಿಲ್ಲ, ಏಕೆಂದರೆ ಅದನ್ನು ನಿಯಂತ್ರಿಸುವ ವ್ಯವಸ್ಥೆಯೇ ಆ ಎಂಜಿನ್ನಿನಲ್ಲಿ ಇರುವುದಿಲ್ಲ.

ಇನ್ನೂ ಮೂರು ಅಂಶಗಳು ಗಮನಾರ್ಹ. ವಾಹನವನ್ನು ಮನೆಯ ಉಪಯೋಗಕ್ಕೂ ಬಳಸುತ್ತಿದ್ದರೆ ಆ ಪಾಲಿನ ವೆಚ್ಚವನ್ನು ಕಳೆಯುವಂತಿಲ್ಲ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಳಿಗಿಂತ ಹೆಚ್ಚು ಹಣವನ್ನು ನಗದಾಗಿ ಪಾವತಿಸಿದರೆ ಆ ವೆಚ್ಚವು ಒಪ್ಪಿತವಾಗದು. ಖಾತೆದಾರರ ಚೆಕ್ಕು, ಬ್ಯಾಂಕ್ ವರ್ಗಾವಣೆ ಅಥವಾ ಯುಪಿಐ ಬಳಸತಕ್ಕದ್ದು. ವಹಿವಾಟಿನ ಮೇಲೆ ಅಂದಾಜು ಲಾಭವನ್ನು ಘೋಷಿಸುವ ಯೋಜನೆಯಲ್ಲಿರುವ ಸಣ್ಣ ವರ್ತಕರಿಗೆ ದುರಸ್ತಿ ವೆಚ್ಚದ ಪ್ರತ್ಯೇಕ ಕಡಿತವಿಲ್ಲ.

ಜಿಎಸ್‌ಟಿ ಮತ್ತು ತೆರಿಗೆ ಜಮೆ

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಏಕರೂಪವಾಗಿ ಶೇ. 18ರ ದರ ಅನ್ವಯವಾಗಿದೆ. ಅದಕ್ಕೆ ಮೊದಲು ಅನೇಕ ಭಾಗಗಳಿಗೆ ಶೇ. 28 ಇತ್ತು. ಐಟಿಸಿ ಎಂದೇ ಪರಿಚಿತವಾದ ಹೂಡುವಳಿ ತೆರಿಗೆ ಜಮೆಯು ವಾಹನದ ಬಗೆಯನ್ನು ಅವಲಂಬಿಸಿದೆ.

ಚಾಲಕರೂ ಸೇರಿ 13ಕ್ಕಿಂತ ಹೆಚ್ಚಲ್ಲದ ಆಸನಗಳ ಪ್ರಯಾಣಿಕ ವಾಹನವನ್ನು ಸ್ವಂತ ವ್ಯವಹಾರದ ಓಡಾಟಕ್ಕೆ ಬಳಸುವವರಿಗೆ ಅದರ ದುರಸ್ತಿ ಸೇವೆಯ ಮೇಲಿನ ಜಮೆಯನ್ನು ಸಿಜಿಎಸ್‌ಟಿ ಕಾಯಿದೆಯ ಕಲಂ 17(5) ತಡೆಹಿಡಿಯುತ್ತದೆ. ಸಂಸ್ಥೆಯ ಕಾರು, ಸ್ಕೂಟರ್ ಎರಡೂ ಇದರಡಿ ಬರುತ್ತವೆ. ಜಮೆ ಪಡೆಯುವ ಸಲುವಾಗಿ ಒಂದೇ ಕೆಲಸದ ಬಿಲ್ಲನ್ನು ಬಿಡಿಭಾಗಕ್ಕೆ ಒಂದು, ಮಜೂರಿಗೆ ಒಂದು ಎಂದು ಒಡೆಸುವುದು ವಿವಾದಕ್ಕೆ ಎಡೆಮಾಡುತ್ತದೆ. ಸರಕು ಸಾಗಣೆಯ ವಾಹನಕ್ಕೆ ಈ ತಡೆಯಿಲ್ಲ. ಅಡಿಕೆ, ಶುಂಠಿ ಸಾಗಿಸುವ ಗೂಡ್ಸ್ ಆಟೋದ ಗಾಳಿ ವಾಲ್ವ್ ಬದಲಿಸಿದರೆ ನೋಂದಾಯಿತ ವರ್ತಕರು ತಮ್ಮ ತೆರಿಗೆಯುಕ್ತ ವ್ಯವಹಾರದ ಮಟ್ಟಿಗೆ ಜಮೆ ಪಡೆಯಬಹುದು. ಬಂದಳಿಕೆ, ಬಳ್ಳಿಗಾವಿಗಳಿಗೆ ಪ್ರವಾಸಿಗರನ್ನು ಕರೆತರುವ ಟ್ಯಾಕ್ಸಿಯವರು ಶೇ. 5ರ ದರವನ್ನು ಆಯ್ದುಕೊಂಡಿದ್ದರೆ ದುರಸ್ತಿಯ ಮೇಲೆ ಜಮೆ ಸಿಗದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೂ ಜಮೆಯಿಲ್ಲ. ಜಮೆ ಸಿಗದ ತೆರಿಗೆಯು ದುರಸ್ತಿ ವೆಚ್ಚದ ಭಾಗವಾಗುತ್ತದೆ.

ಒಂದು ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಳ್ಳೋಣ. ಪಂಪು 20,000 ರೂ., ಚೆಕ್ ವಾಲ್ವ್ ಮತ್ತು ಗ್ಯಾಸ್ಕೆಟ್ 6,000 ರೂ., ರಿಲೇ 1,000 ರೂ., ಮಜೂರಿ 3,000 ರೂ.; ಒಟ್ಟು 30,000 ರೂ. ಶೇ. 18ರಂತೆ ತೆರಿಗೆ 5,400 ರೂ. ಸೇರಿ 35,400 ರೂ.

ಪಾಲುದಾರಿಕೆ ಸಂಸ್ಥೆಯೊಂದು ಸ್ವಂತ ವ್ಯವಹಾರಕ್ಕೆ ಮಾತ್ರ ಬಳಸುವ ಕಾರಿಗೆ ಈ ವೆಚ್ಚ ಮಾಡಿದೆಯೆಂದು ಇಟ್ಟುಕೊಳ್ಳೋಣ. ಜಮೆಯಿಲ್ಲದ ಕಾರಣ ಪೂರ್ತಿ 35,400 ರೂ. ದುರಸ್ತಿ ವೆಚ್ಚ. ಸೆಸ್ ಸೇರಿ ಶೇ. 31.2ರ ದರದಲ್ಲಿ ಆ ವರ್ಷ ಉಳಿಯುವ ಆದಾಯ ತೆರಿಗೆ ಸುಮಾರು 11,045 ರೂ. ಇದನ್ನೇ ತಪ್ಪಾಗಿ ವಾಹನದ ಖಾತೆಗೆ ಸೇರಿಸಿ ಶೇ. 15ರ ಸವಕಳಿ ಪಡೆದರೆ ಮೊದಲ ವರ್ಷ ಉಳಿಯುವುದು ಸುಮಾರು 1,657 ರೂ. ಮಾತ್ರ.

ಇನ್ನು ವಾಲ್ವ್ ಬದಲಿಸದೆ ಪಂಪು, ರಿಲೇ ಮಾತ್ರ ಹಾಕಿಸಿದರೆ ಮಜೂರಿ, ತೆರಿಗೆ ಸೇರಿ ಬಿಲ್ಲು 28,320 ರೂ. ಆಗುತ್ತದೆ, 7,080 ರೂ. ಉಳಿದಂತೆ ಕಾಣುತ್ತದೆ. ಸೋರುವ ವಾಲ್ವಿನಿಂದ ಹೊಸ ಪಂಪಿಗೂ ನೀರು ಸೇರಿ ಅದೂ ಕೆಟ್ಟರೆ, ಎರಡನೆಯ ಬಾರಿ ಪೂರ್ತಿ 35,400 ರೂ. ತೆರಲೇಬೇಕು. ಒಟ್ಟು 63,720 ರೂ. ಅಂದರೆ 7,080 ರೂ. ಉಳಿಸಲು ಹೋಗಿ 28,320 ರೂ. ಕಳೆದುಕೊಂಡಂತಾಯಿತು.

ಬಿಲ್ಲಿನಲ್ಲಿ ಇರಬೇಕಾದುದು

ದುರಸ್ತಿ ಎಷ್ಟು ಚೆನ್ನಾಗಿ ನಡೆದರೂ ದಾಖಲೆ ಇಲ್ಲದಿದ್ದರೆ ತೆರಿಗೆಯಲ್ಲಾಗಲಿ ವಾರಂಟಿಯಲ್ಲಾಗಲಿ ಅದರ ಫಲ ಸಿಗದು. ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ಓಡಿದ ಕಿಲೋಮೀಟರ್, ಬಿಡಿಭಾಗದ ಸಂಖ್ಯೆ, ಎಚ್‌ಎಸ್‌ಎನ್ ಸಂಕೇತ, ವಾರಂಟಿಯ ಅವಧಿ ಇವು ನಮೂದಾಗಿರಬೇಕು. ದುರಸ್ತಿಗೆ ಮೊದಲು ಮತ್ತು ಅನಂತರದ ಸ್ಕ್ಯಾನರ್ ವರದಿಗಳನ್ನು ಬಿಲ್ಲಿಗೆ ಲಗತ್ತಿಸಿಟ್ಟರೆ, ಇದು ಹೊಸ ಆಸ್ತಿಯಲ್ಲ, ಕೆಟ್ಟದ್ದರ ದುರಸ್ತಿ ಎಂಬುದಕ್ಕೆ ಪ್ರಬಲ ಸಾಕ್ಷ್ಯ ದೊರೆಯುತ್ತದೆ. ಹಳೆಯ ಪಂಪನ್ನು ಕೇಳಿ ಪಡೆದು ನೋಡುವ ಅಭ್ಯಾಸವೂ ಒಳ್ಳೆಯದು.

ಗ್ಯಾರೇಜು ನಡೆಸುವ ಸಣ್ಣ ಉದ್ಯಮಿಗಳಿಗೂ ಇದರಲ್ಲಿ ಹಿತವಿದೆ. ಮೂಲ ಕಾರಣವನ್ನು ಬರಹದಲ್ಲಿ ತಿಳಿಸಿ, ಗ್ರಾಹಕರು ವಾಲ್ವ್ ಬೇಡವೆಂದರೆ ಅದನ್ನೂ ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಪಡೆದರೆ, ಮುಂದೆ ಪಂಪು ಮತ್ತೆ ಕೆಟ್ಟಾಗ ಜಗಳಕ್ಕೆ ಅವಕಾಶವಿರುವುದಿಲ್ಲ.

ಒಟ್ಟಿನಲ್ಲಿ, ಎಂಜಿನ್ ದೀಪ ಹತ್ತಿದ ದಿನವೇ ತಪಾಸಣೆ, ಕಾರಣ ತಿಳಿದ ಮೇಲೆ ಬಿಡಿಭಾಗ, ವಾಲ್ವ್ ನೋಡಿದ ಮೇಲೆ ಪಂಪು, ತಣ್ಣಗಿನ ಎಂಜಿನ್ನಿನಲ್ಲಿ ಪರೀಕ್ಷಿಸಿದ ಮೇಲೆ ಪಾವತಿ, ಪಾವತಿಯಾದ ದಿನವೇ ದುರಸ್ತಿ ಖಾತೆಗೆ ನಮೂದು ಎಂಬ ಅನುಕ್ರಮವನ್ನು ವರ್ತಕರೂ ಉದ್ದಿಮೆದಾರರೂ ರೂಢಿಸಿಕೊಳ್ಳುವುದು ಶ್ರೇಯಸ್ಕರ. ಪ್ರತಿ ವರ್ಷದ ಮುಂಗಡ ಅಂದಾಜಿನಲ್ಲಿ ವಾಹನದ ದುರಸ್ತಿಗೆ ಒಂದು ಮೊತ್ತವನ್ನು ಮೊದಲೇ ಮೀಸಲಿರಿಸಿದರೆ ಇಂಥ ವೆಚ್ಚವು ಬಂದಾಗ ಅಡ್ಡದಾರಿ ಹುಡುಕುವ ಪ್ರಮೇಯವೇ ಬಾರದು.